ಈ ವರ್ಷದ ನೆಕ್ಟರಿನ್, ಕಳೆದ ವರ್ಷದ ಮೊಗ್ಗು

ಎಲೆಯೆಲ್ಲ ಉದುರಿ ಬೋಳಾಗಿ ನಿಂತ ನೆಕ್ಟರಿನ್ ಮರದ ಒಂದು ಕಡ್ಡಿಯನ್ನು ಬಾಗಿಸಿ ಹತ್ತಿರದಿಂದ ನೋಡಿ. ಪೆನ್ಸಿಲ್‌ನಷ್ಟು ದಪ್ಪ, ಒಂದೂವರೆ ಅಡಿ ಉದ್ದ, ಬಿಸಿಲು ಬಿದ್ದ ಮಗ್ಗುಲು ಕೆಂಪು, ನೆರಳಿನ ಮಗ್ಗುಲು ಹಸಿರು. ಬೆರಳಿನಿಂದ ಒಂದೊಂದೇ ಗಿಣ್ಣನ್ನು ತಡವುತ್ತಾ ಹೋದರೆ ಹಲವು ಕಡೆ ಮೂರು ಮೊಗ್ಗುಗಳು ಒತ್ತೊತ್ತಾಗಿ ಕುಳಿತಿರುವುದು ತಿಳಿಯುತ್ತದೆ. ನಡುವಿನದು ಸಣ್ಣದು, ಚೂಪಾದದ್ದು; ಅದು ಎಲೆಮೊಗ್ಗು. ಅದರ ಎಡಬಲಕ್ಕೆ ಬೂದುಬಣ್ಣದ ನವಿರು ಹೊದ್ದು ದುಂಡಗೆ ಕುಳಿತಿರುವ ಎರಡು ಹೂಮೊಗ್ಗುಗಳು. ಅವು ಈ ಚಳಿಗಾಲದಲ್ಲಿ ಹುಟ್ಟಿದವಲ್ಲ. ಹಿಂದಿನ ಬೇಸಿಗೆಯಲ್ಲಿ, ಈ ಕಡ್ಡಿ ಇನ್ನೂ ಎಳೆಯ ಚಿಗುರಾಗಿದ್ದಾಗಲೇ, ಎಲೆಯ ಕಂಕುಳಲ್ಲಿ ಮೂಡಿ ತಮ್ಮ ಸರದಿಗಾಗಿ ಕಾಯುತ್ತಿರುವವು.

ಮನೆಯ ತೋಟದಲ್ಲಿ ನೆಕ್ಟರಿನ್ ಬೆಳೆಸುವವರು ಮೊದಲು ಅರ್ಥಮಾಡಿಕೊಳ್ಳಬೇಕಾದದ್ದು ಇದನ್ನೇ. ಈ ವರ್ಷ ಹೂ ಬಿಡುವುದೇ ಇಲ್ಲವೇ, ಹಣ್ಣು ದಪ್ಪವಾಗುವುದೇ ಸಣ್ಣಗುಳಿಯುವುದೇ, ರೋಗ ಬರುವುದೇ ಇಲ್ಲವೇ ಎಂಬ ಪ್ರಶ್ನೆಗಳಿಗೆ ಉತ್ತರ ಬಹುಪಾಲು ಕಳೆದ ವರ್ಷವೇ ಬರೆದಾಗಿರುತ್ತದೆ. ಕಣ್ಣಿಗೆ ಕಂಡ ಮೇಲೆ ಓಡಾಡುವ ತೋಟಗಾರನಿಗೆ ಈ ಮರ ಒಲಿಯುವುದು ಕಷ್ಟ. ಒಂದು ಋತು ಮುಂದಾಗಿ ಕೆಲಸ ಮಾಡುವವನಿಗೆ ಅದು ಧಾರಾಳವಾಗಿ ಕೊಡುತ್ತದೆ.

ನೆಕ್ಟರಿನ್ ಎಂದರೆ ಪೀಚ್ ಮತ್ತು ಪ್ಲಮ್ ಹಣ್ಣುಗಳ ಬೆರಕೆ ಎಂಬ ಮಾತು ಬಹಳ ಕಡೆ ಓಡಾಡುತ್ತದೆ. ಅದು ತಪ್ಪು. ನೆಕ್ಟರಿನ್ ಕೂಡ ಪೀಚೇ. ಎರಡರ ಶಾಸ್ತ್ರೀಯ ಹೆಸರೂ ಪ್ರೂನಸ್ ಪರ್ಸಿಕಾ. ಹೆಸರಿನಲ್ಲಿ ಪರ್ಷಿಯಾ ಇದ್ದರೂ ಮೂಲ ಚೀನಾ. ಪೀಚ್‌ನ ಸಿಪ್ಪೆಯ ಮೇಲಿನ ನವಿರನ್ನು ಬೆಳೆಸುವ ಒಂದು ಜೀನ್‌ನೊಳಗೆ ಮರದ ಡಿಎನ್‌ಎಯಲ್ಲೇ ಬೇರೆ ಕಡೆಯಿದ್ದ ಒಂದು ತುಣುಕು ಬಂದು ತೂರಿಕೊಂಡಿದೆ. ಆ ಜೀನ್ ಕೆಲಸ ನಿಲ್ಲಿಸಿದ್ದರಿಂದ ಸಿಪ್ಪೆ ನುಣುಪಾಗಿದೆ. ಇದನ್ನು ವಿಜ್ಞಾನಿಗಳು ಗುರುತಿಸಿ ಪ್ರಕಟಿಸಿದ್ದು 2014ರಲ್ಲಿ. ಪೀಚ್ ಮರದ ಒಂದು ಕೊಂಬೆಯಲ್ಲಿ ಇದ್ದಕ್ಕಿದ್ದಂತೆ ನೆಕ್ಟರಿನ್ ಬಿಟ್ಟ ಪ್ರಸಂಗಗಳನ್ನು ಚಾರ್ಲ್ಸ್ ಡಾರ್ವಿನ್ 1868ರಷ್ಟು ಹಿಂದೆಯೇ ಒಟ್ಟುಗೂಡಿಸಿದ್ದರು. ಹೀಗಾಗಿ ಪೀಚ್ ಬೆಳೆಸುವ ವಿದ್ಯೆಯೆಲ್ಲವೂ ನೆಕ್ಟರಿನ್‌ಗೆ ಸಲ್ಲುತ್ತದೆ, ಒಂದು ವ್ಯತ್ಯಾಸದೊಂದಿಗೆ: ನವಿರಿನ ಹೊದಿಕೆ ಇಲ್ಲದ ಈ ಸಿಪ್ಪೆ ಹೆಚ್ಚು ನಾಜೂಕು. ಕೊಳೆರೋಗ, ನುಸಿಯಂಥ ಥ್ರಿಪ್ಸ್ ಕೀಟಗಳ ಕೆರೆತ, ಕೊಂಬೆಯ ಉಜ್ಜಾಟ, ಎಲ್ಲವೂ ಇದರ ಮೇಲೆ ಬೇಗ ಗುರುತು ಮೂಡಿಸುತ್ತವೆ.

ಇನ್ನು ಎಲ್ಲಕ್ಕಿಂತ ಹೆಚ್ಚು ಜನ ಎಡವುವ ವಿಷಯಕ್ಕೆ ಬರುತ್ತೇನೆ. ನಾನು ನೆಟ್ಟ ಮೊದಲ ಗಿಡ ನಾಲ್ಕು ವರ್ಷ ಸೊಂಪಾಗಿ ಬೆಳೆಯಿತು. ಹೂ ಮಾತ್ರ ಬೆರಳೆಣಿಕೆಯಷ್ಟು, ಅದೂ ಒಂದು ಇಂದು, ಇನ್ನೊಂದು ಮೂರು ವಾರದ ನಂತರ. ಎಲೆಗಳು ಕಡ್ಡಿಯ ತುದಿಯಲ್ಲಿ ಮಾತ್ರ ಗೊಂಚಲಾಗಿ ಬಂದು ಉಳಿದ ಭಾಗವೆಲ್ಲ ಬರಿದಾಗಿರುತ್ತಿತ್ತು. ಗೊಬ್ಬರ ಕಡಿಮೆಯಾಯಿತೆಂದುಕೊಂಡು ಗೊಬ್ಬರ ಹಾಕಿದೆ, ನೀರು ಸಾಲದೆಂದು ನೀರುಣಿಸಿದೆ. ಆ ಮರಕ್ಕೆ ಕೊರತೆಯಾಗಿದ್ದದ್ದು ಚಳಿ.

ನೆಕ್ಟರಿನ್ ಎಲೆ ಉದುರಿಸಿ ಸುಪ್ತಾವಸ್ಥೆಗೆ ಜಾರಿದ ಮೇಲೆ ಅದರ ಮೊಗ್ಗುಗಳು ಒಳಗಿನಿಂದಲೇ ಬೀಗ ಹಾಕಿಕೊಳ್ಳುತ್ತವೆ. ಆ ಹಂತದಲ್ಲಿ ಕಡ್ಡಿಯನ್ನು ಬೆಚ್ಚಗಿನ ಕೋಣೆಗೆ ತಂದು ನೀರಿನಲ್ಲಿಟ್ಟರೂ ಮೊಗ್ಗು ಅರಳುವುದಿಲ್ಲ. ಚಳಿಗಾಲದ ನಡುವೆ ನಾಲ್ಕು ದಿನ ಬಿಸಿಲು ಬಂದರೆ ಮೋಸಹೋಗಿ ಅರಳದಿರಲಿ ಎಂಬ ವ್ಯವಸ್ಥೆ ಇದು. ಬೀಗ ತೆರೆಯಲು ಮೊಗ್ಗು ಇಂತಿಷ್ಟು ಹೊತ್ತು ತಂಪಿನಲ್ಲಿ ಇದ್ದಿರಲೇಬೇಕು. ಮೆಕ್ಸಿಕೊದಲ್ಲಿ ದೊರೆತ ಒಂದು ವಿಚಿತ್ರ ಪೀಚ್ ಈ ಕೀಲನ್ನು ತೋರಿಸಿಕೊಟ್ಟಿತು. ಅದು ಚಳಿಗಾಲ ಬಂದರೂ ನಿದ್ದೆಗೆ ಹೋಗುವುದೇ ಇಲ್ಲ, ಚಿಗುರುತ್ತಲೇ ಇರುತ್ತದೆ. ಹುಡುಕಿ ನೋಡಿದಾಗ, ಸಾಲಾಗಿ ಕುಳಿತಿರುವ ಆರು ಜೀನ್‌ಗಳ ಗುಂಪೊಂದರಲ್ಲಿ ದೊಡ್ಡ ಭಾಗವೇ ಅದರಲ್ಲಿ ಕಳಚಿಹೋಗಿತ್ತು. ಸಾಮಾನ್ಯ ಮರದಲ್ಲಿ ಆ ಗುಂಪಿನ ಜೀನ್‌ಗಳು ಮೊಗ್ಗನ್ನು ತಡೆದು ಹಿಡಿಯುತ್ತವೆ. ವಾರಗಟ್ಟಲೆ ತಂಪು ತಗುಲುತ್ತಾ ಬಂದಂತೆ ಅವುಗಳಲ್ಲಿ ಮುಖ್ಯವಾದವು ಮೆಲ್ಲಗೆ ಕೆಲಸ ನಿಲ್ಲಿಸುತ್ತವೆ, ಮೊಗ್ಗಿಗೆ ಬಿಡುಗಡೆ ಸಿಗುತ್ತದೆ.

ತೋಟಗಾರರು ಇದನ್ನು ‘ಚಳಿ ಗಂಟೆ’ಗಳಲ್ಲಿ ಅಳೆಯುತ್ತಾರೆ. ಹಳೆಯ ಲೆಕ್ಕ ಸರಳ: ಉಷ್ಣತೆ 0ಯಿಂದ 7.2 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದ ಪ್ರತಿ ಗಂಟೆಗೂ ಒಂದು ಅಂಕ. ಆದರೆ ಹಗಲಿನ ಬಿಸಿ ರಾತ್ರಿಯ ಗಳಿಕೆಯನ್ನು ಅಳಿಸಬಲ್ಲದು. 1974ರಲ್ಲಿ ಬಂದ ಯೂಟಾ ಮಾದರಿ ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಅದರ ಪ್ರಕಾರ ಸುಮಾರು 2.5ರಿಂದ 9 ಡಿಗ್ರಿವರೆಗಿನ ಗಂಟೆಗೆ ಪೂರ್ತಿ ಅಂಕ, 16 ಡಿಗ್ರಿ ದಾಟಿದರೆ ಅಂಕ ಕಳೆಯುತ್ತದೆ. ಮುಂದೆ ಇಸ್ರೇಲ್‌ನಲ್ಲಿ ರೂಪುಗೊಂಡ ಇನ್ನೊಂದು ಮಾದರಿ ಇನ್ನೂ ಸೂಕ್ಷ್ಮ: ತಂಪಿನಲ್ಲಿ ಮೊದಲು ಒಂದು ಕಚ್ಚಾ ಗಳಿಕೆ ಕೂಡುತ್ತದೆ, ಬಿಸಿ ಬಂದರೆ ಅದು ಕರಗಬಹುದು; ಒಂದು ಮಟ್ಟ ಮುಟ್ಟಿದ ಮೇಲೆ ಅದು ಪಕ್ಕಾ ಆಗಿ ಖಾತೆಗೆ ಸೇರುತ್ತದೆ, ಆಮೇಲೆ ಯಾವ ಬಿಸಿಲೂ ಅದನ್ನು ಕದಿಯಲಾರದು. ಚಳಿಗಾಲ ಸೌಮ್ಯವಾಗಿರುವ ಕಡೆ ಈ ಕೊನೆಯ ಮಾದರಿಯೇ ಹೆಚ್ಚು ನಂಬಿಕೆಗೆ ಅರ್ಹ.

ಸಾಮಾನ್ಯ ತಳಿಗಳು 600ರಿಂದ 900 ಗಂಟೆ ಕೇಳುತ್ತವೆ. ‘ಫ್ಯಾಂಟಾಸಿಯಾ’ ಎಂಬ ಹೆಸರುವಾಸಿ ಹಳದಿ ತಿರುಳಿನ ತಳಿಗೆ 500ರ ಆಸುಪಾಸು ಬೇಕು. ‘ಪನಮಿಂಟ್’, ‘ಸ್ನೋ ಕ್ವೀನ್’, ‘ಸನ್‌ರೇಸರ್’ನಂಥವು 250–300ರ ಆಸುಪಾಸಿನಲ್ಲೇ ತೃಪ್ತಿಪಡುತ್ತವೆ. ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ 1950ರ ದಶಕದಿಂದ ನಡೆದ ತಳಿ ಅಭಿವೃದ್ಧಿಯಿಂದಾಗಿ ಕಡಿಮೆ ಚಳಿಯ ಪೀಚ್ ಮತ್ತು ನೆಕ್ಟರಿನ್‌ಗಳು ಬೆಚ್ಚಗಿನ ನಾಡುಗಳಿಗೂ ದಕ್ಕಿದವು. ಹಾಗೆಂದು ಎಲ್ಲೆಡೆಯೂ ಕಡಿಮೆ ಚಳಿಯ ತಳಿಯನ್ನೇ ನೆಟ್ಟರಾಯಿತು ಎನ್ನುವಂತಿಲ್ಲ. ಕಡು ಚಳಿಯ ಊರಿನಲ್ಲಿ ಅಂಥ ಮರದ ಕೋಟಾ ಚಳಿಗಾಲದ ಅರ್ಧಕ್ಕೇ ತುಂಬುತ್ತದೆ. ಸ್ವಲ್ಪ ಬಿಸಿ ತಾಗಿದೊಡನೆ ಅದು ಹೂ ಬಿಡುತ್ತದೆ, ಹಿಂದೆಯೇ ಬಂದ ಹಿಮ ಹೂವನ್ನೆಲ್ಲ ಸುಡುತ್ತದೆ. ಉಬ್ಬತೊಡಗಿದ ಮೊಗ್ಗು −8 ಡಿಗ್ರಿಯ ಹತ್ತಿರದವರೆಗೂ ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಪೂರ್ತಿ ಅರಳಿದ ಹೂಗಳಲ್ಲಾದರೋ −2.8 ಡಿಗ್ರಿಯಲ್ಲಿ ಅರ್ಧ ಗಂಟೆ ಕಳೆದರೆ ಹತ್ತಕ್ಕೊಂದು ಸಾಯುತ್ತದೆ, −4.4 ಡಿಗ್ರಿಯಲ್ಲಿ ಹತ್ತಕ್ಕೆ ಒಂಬತ್ತು. ಅಷ್ಟು ಕಿರಿದಾದ ಅಂತರದಲ್ಲಿ ಇಡೀ ವರ್ಷದ ಫಸಲು ನಿಂತಿರುತ್ತದೆ. ಆದ್ದರಿಂದ ಗಿಡ ಕೊಳ್ಳುವ ಮೊದಲು ನಿಮ್ಮ ಜಾಗದ ಎರಡು ಚಳಿಗಾಲಗಳ ಉಷ್ಣತೆಯ ದಾಖಲೆ ನೋಡಿ, ಗಂಟೆ ಲೆಕ್ಕ ಹಾಕಿ. ನೆರೆಯವರ ಅಂಗಳದಲ್ಲಿ ಪೀಚ್ ಅಥವಾ ನೆಕ್ಟರಿನ್ ಫಲ ಕೊಡುತ್ತಿದ್ದರೆ ಅದರ ತಳಿಯ ಹೆಸರು ಕೇಳಿ ತಿಳಿದುಕೊಳ್ಳುವುದು ಯಾವ ಲೆಕ್ಕಕ್ಕಿಂತಲೂ ಮೇಲು.

ಪರಾಗಕ್ಕಾಗಿ ಎರಡನೆಯ ಮರ ಬೇಡ. ನೆಕ್ಟರಿನ್ ತಳಿಗಳು ಬಹುಮಟ್ಟಿಗೆ ಸ್ವಂತ ಪರಾಗದಿಂದಲೇ ಕಾಯಿಕಟ್ಟುತ್ತವೆ. ಜೇನುನೊಣ ಸುಳಿಯದಷ್ಟು ಚಳಿಯಿದ್ದರೆ ಮೆತ್ತನೆಯ ಕುಂಚದಿಂದ ಹೂವಿಂದ ಹೂವಿಗೆ ಸವರಿದರೆ ಸಾಕು.

ಕಸಿ ಗಿಡವನ್ನೇ ಕೊಳ್ಳಿ. ಓಟೆಯಿಂದ ಗಿಡ ಬರುತ್ತದೆ, ಹಣ್ಣೂ ಬಿಡುತ್ತದೆ. ಆದರೆ ತಿಂದು ಮೆಚ್ಚಿದ ಹಣ್ಣೇ ಬರುತ್ತದೆಂಬ ಭರವಸೆಯಿಲ್ಲ. ಹೂವಿಗೆ ಪೀಚ್‌ನ ಪರಾಗ ತಗುಲಿದ್ದರೆ ಆ ಓಟೆಯ ಮರದಲ್ಲಿ ನವಿರು ಸಿಪ್ಪೆಯ ಪೀಚ್ ತೂಗಬಹುದು. ಇನ್ನು ಕಸಿಯ ಕೆಳಭಾಗ, ಅಂದರೆ ಬೇರುಸಸಿ, ಮಣ್ಣಿಗೆ ಹೊಂದಬೇಕು. ಬೇರುಗಂಟು ಹುಳುವಿನ ಕಾಟವಿರುವ ಮರಳು ಮಣ್ಣಿಗೆ ‘ನೆಮಾಗಾರ್ಡ್’, ಸುಣ್ಣದಂಶ ಹೆಚ್ಚಿರುವ ಮಣ್ಣಿಗೆ ‘ಜಿಎಫ್ 677’, ಮರ ಸ್ವಲ್ಪ ಗಿಡ್ಡಗಿರಲಿ ಎಂದರೆ ‘ಸೇಂಟ್ ಜೂಲಿಯನ್ ಎ’. ಕುಂಡದಲ್ಲೇ ಬೆಳೆಸುವವರಿಗೆ ‘ನೆಕ್ಟಾ ಜೀ’ಯಂಥ ಹುಟ್ಟು ಕುಳ್ಳ ತಳಿಗಳಿವೆ. ಅವು ಆಳೆತ್ತರ ದಾಟುವುದು ಅಪರೂಪ, ಹಣ್ಣು ಮಾತ್ರ ಪೂರ್ಣ ಗಾತ್ರದ್ದು.

ಮಣ್ಣಿನ ವಿಷಯದಲ್ಲಿ ಫಲವತ್ತತೆಗಿಂತ ನೀರು ಬಸಿದುಹೋಗುವುದು ಮುಖ್ಯ. ಪೀಚ್ ಕುಲದ ಬೇರಿನಲ್ಲಿ ಪ್ರುನಾಸಿನ್ ಎಂಬ ವಸ್ತುವಿದೆ; ಬೇರು ಉಸಿರುಗಟ್ಟಿ ಕೊಳೆತಾಗ ಅದು ಒಡೆದು ಸಯನೈಡ್ ಬಿಡುಗಡೆಯಾಗುತ್ತದೆ. ಅಂದರೆ ನೀರು ನಿಂತ ಗುಂಡಿಯಲ್ಲಿ ಮರ ತನ್ನ ಬೇರಿನ ವಿಷಕ್ಕೆ ತಾನೇ ಗುರಿಯಾಗುತ್ತದೆ. ಹಳೆಯ ಪೀಚ್ ಮರ ಸತ್ತ ಜಾಗದಲ್ಲೇ ಹೊಸದನ್ನು ನೆಟ್ಟರೆ ಏಳಿಗೆಯಾಗದಿರಲು ಇದೂ ಒಂದು ಕಾರಣ. ಪರೀಕ್ಷೆ ಸುಲಭ: ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ, ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ. ಎರಡನೆಯ ಸಲ ಗಂಟೆಗೆ ಎರಡು ಮೂರು ಸೆಂಟಿಮೀಟರ್ ಇಳಿದರೆ ಚಿಂತೆಯಿಲ್ಲ. ಮರುದಿನವೂ ನೀರು ನಿಂತಿದ್ದರೆ ಆ ಜಾಗ ಬಿಡಿ, ಇಲ್ಲವೇ ಏರುಮಡಿ ಕಟ್ಟಿ ಅದರ ಮೇಲೆ ನೆಡಿ. ಮಣ್ಣಿನ ರಸಸಾರ 6ರಿಂದ 7 ಇರಲಿ. ದಿನಕ್ಕೆ ಕನಿಷ್ಠ ಆರರಿಂದ ಎಂಟು ಗಂಟೆ ನೇರ ಬಿಸಿಲು ಬೀಳುವ ಜಾಗವೇ ಆಗಬೇಕು. ಕಸಿಗಂಟು ನೆಲದಿಂದ ನಾಲ್ಕು ಬೆರಳು ಮೇಲಿರಲಿ. ಗುಂಡಿಗೆ ಗೊಬ್ಬರ ಸುರಿಯುವ ಅಗತ್ಯವಿಲ್ಲ. ತೋಡಿದ ಮಣ್ಣನ್ನೇ ತುಂಬಿ, ನೀರು ಹನಿಸಿ, ಕಾಂಡಕ್ಕೆ ತಾಗದಂತೆ ಒಣ ಎಲೆಯ ಹೊದಿಕೆ ಹಾಸಿ.

ನೆಟ್ಟ ದಿನವೇ ಎದೆ ಗಟ್ಟಿಮಾಡಿಕೊಂಡು ಗಿಡದ ನೆತ್ತಿಯನ್ನು 60–75 ಸೆಂಟಿಮೀಟರ್ ಎತ್ತರದಲ್ಲಿ ಕತ್ತರಿಸಬೇಕು. ಹಣ ಕೊಟ್ಟು ತಂದ ಗಿಡವನ್ನು ಅರ್ಧಕ್ಕೆ ಕತ್ತರಿಸಲು ಯಾರ ಕೈಯೂ ಮುಂದೆ ಬರುವುದಿಲ್ಲ ಎಂಬುದು ನನಗೆ ಗೊತ್ತು. ಆದರೂ ಕತ್ತರಿಸಿ. ಕೆಳಗಿನಿಂದ ಹೊಮ್ಮುವ ಚಿಗುರುಗಳಲ್ಲಿ ಬೇರೆ ಬೇರೆ ದಿಕ್ಕಿಗೆ ಹೊರಟ ಮೂರು ನಾಲ್ಕನ್ನು ಉಳಿಸಿ, ನಡುವನ್ನು ಖಾಲಿ ಬಿಟ್ಟರೆ ಮರ ಬಟ್ಟಲಿನ ಆಕಾರಕ್ಕೆ ಬರುತ್ತದೆ. ಬಿಸಿಲು ಒಳಗಿನವರೆಗೂ ಇಳಿಯುತ್ತದೆ, ಮಳೆಯ ನಂತರ ಗಾಳಿ ಆಡಿ ಎಲೆ ಬೇಗ ಒಣಗುತ್ತದೆ.

ಆರಂಭದಲ್ಲಿ ಹೇಳಿದ ಕಡ್ಡಿಯನ್ನು ಈಗ ಮತ್ತೆ ನೆನೆಯಬೇಕು. ನೆಕ್ಟರಿನ್ ಹೂ ಬಿಡುವುದು ಹಿಂದಿನ ವರ್ಷ ಬೆಳೆದ ಕಡ್ಡಿಯ ಮೇಲೆ. ಒಮ್ಮೆ ಹಣ್ಣು ಕೊಟ್ಟ ಗಿಣ್ಣು ಮತ್ತೆ ಕೊಡುವುದಿಲ್ಲ. ಸೇಬಿನ ಮರದಲ್ಲಿ ಒಂದೇ ಗಿಡ್ಡ ರೆಂಬೆ ವರ್ಷಾನುಗಟ್ಟಲೆ ಹೂ ಬಿಡಬಲ್ಲದು. ನೆಕ್ಟರಿನ್‌ನ ಗುಣ ಅದಲ್ಲ. ಅದನ್ನು ಅದರ ಪಾಡಿಗೆ ಬಿಟ್ಟರೆ ಹೊಸ ಕಡ್ಡಿಗಳು ವರ್ಷ ವರ್ಷ ತುದಿಯಿಂದ ಮುಂದಕ್ಕೆ ಸಾಗುತ್ತವೆ. ಐದಾರು ವರ್ಷದಲ್ಲಿ ಹಣ್ಣೆಲ್ಲ ಏಣಿಗೂ ಎಟುಕದ ಎತ್ತರದಲ್ಲಿರುತ್ತದೆ, ಒಳಗಿನ ಕೊಂಬೆಗಳು ನೆರಳಿಗೆ ಸಿಕ್ಕಿ ಒಣಗಿ ಬೋಳಾಗುತ್ತವೆ, ತುದಿಭಾರಕ್ಕೆ ಒಂದು ದಿನ ದೊಡ್ಡ ಕೊಂಬೆಯೇ ಸೀಳುತ್ತದೆ. ಸವರುವುದು ಈ ಮರಕ್ಕೆ ಅಲಂಕಾರವಲ್ಲ, ಫಸಲಿನ ಆಧಾರ.

ಎಷ್ಟು ಸವರಬೇಕು? ಕಳೆದ ವರ್ಷದ ಬೆಳವಣಿಗೆಯಲ್ಲಿ ಹೆಚ್ಚುಕಡಿಮೆ ಅರ್ಧ. ಮೊದಲು ಒಣಗಿದ್ದು, ರೋಗ ತಗುಲಿದ್ದು, ಬುಡಚಿಗುರು, ಬಟ್ಟಲಿನ ನಡುವೆ ನೆಟ್ಟಗೆ ಏರಿದ ಕೊಬ್ಬಿದ ಕೋಲುಗಳು. ಆಮೇಲೆ ಹಣ್ಣು ಕೊಟ್ಟು ಮುಗಿದ ರೆಂಬೆಯನ್ನು ಅದರ ಬುಡದ ಹತ್ತಿರ ಹುಟ್ಟಿದ ಹೊಸ ಕಡ್ಡಿಯವರೆಗೆ ಹಿಂದಕ್ಕೆ ಕತ್ತರಿಸುತ್ತಾ ಬನ್ನಿ. ಉಳಿಸಬೇಕಾದದ್ದು ಒಂದರಿಂದ ಎರಡಡಿ ಉದ್ದದ, ಪೆನ್ಸಿಲ್ ದಪ್ಪದ, ಮೂರು ಮೊಗ್ಗಿನ ಗಿಣ್ಣುಗಳು ತುಂಬಿದ ಕಡ್ಡಿಗಳನ್ನು. ಹುಲ್ಲುಕಡ್ಡಿಯಷ್ಟು ತೆಳುವಾದವು ಹಣ್ಣಿನ ಭಾರ ತಾಳುವುದಿಲ್ಲ, ಹೆಬ್ಬೆರಳಿನಷ್ಟು ದಪ್ಪನೆಯವು ಎಲೆಗೇ ಮೀಸಲು. ಹೊಸ ಕಡ್ಡಿ ವರ್ಷಕ್ಕೆ ಒಂದೂವರೆ ಅಡಿ ಬೆಳೆಯುತ್ತಿದ್ದರೆ ಗೊಬ್ಬರವೂ ಸರಿಯಿದೆ ಎಂದೇ ತಿಳಿಯಬೇಕು. ಅದಕ್ಕಿಂತ ಬಹಳ ಕಡಿಮೆಯಿದ್ದರೆ ವಸಂತದಲ್ಲಿ ಸಾರಜನಕ ಕೊಡಿ. ಬೇಸಿಗೆಯ ಕೊನೆಗೆ ಕೊಟ್ಟರೆ ಎಳೆ ಚಿಗುರು ಚಳಿಗೆ ಸಿಕ್ಕಿ ಕರಗುತ್ತದೆ. ಸವರಲು ಮೊಗ್ಗು ಉಬ್ಬುವ ಹೊತ್ತಿನ ಒಣ ದಿನಗಳು ಒಳ್ಳೆಯವು. ಯಾವ ಮೊಗ್ಗು ಬದುಕಿದೆ, ಯಾವುದು ಸತ್ತಿದೆ ಎಂಬುದೂ ಆಗ ಕಾಣುತ್ತದೆ.

ಮೊಗ್ಗು ಉಬ್ಬುವ ಮುನ್ನ ಮಾಡಬೇಕಾದ ಇನ್ನೊಂದು ಕೆಲಸವಿದೆ. ಎಲೆ ಮುದುಡು ರೋಗದ ಶಿಲೀಂಧ್ರ, ಟಫ್ರಿನಾ ಡಿಫಾರ್ಮನ್ಸ್, ಹಿಂದಿನ ವರ್ಷದ ಎಲೆಗಳಿಂದ ಹಾರಿ ತೊಗಟೆಯ ಮೇಲೆ, ಮೊಗ್ಗಿನ ಹೊದಿಕೆಯ ಸಂದಿಯಲ್ಲಿ ಕುಳಿತಿರುತ್ತದೆ. ಮೊಗ್ಗು ಬಿರಿಯುವಾಗ ತಂಪು ಮಳೆ ಬಂದರೆ ಆ ನೀರಿನೊಡನೆ ಎಳೆ ಎಲೆಯೊಳಕ್ಕೆ ನುಗ್ಗುತ್ತದೆ. ಎಲೆ ಕೆಂಪಾಗಿ, ದಪ್ಪಗಾಗಿ, ಗುಳ್ಳೆ ಗುಳ್ಳೆಯಾಗಿ ಸುರುಟಿಕೊಂಡಾಗಲೇ ನಮಗೆ ತಿಳಿಯುವುದು. ಆಗ ಏನು ಸಿಂಪಡಿಸಿದರೂ ಆ ಎಲೆ ಸರಿಹೋಗದು. ಬೋರ್ಡೋ ದ್ರಾವಣದಂಥ ತಾಮ್ರದ ಔಷಧಿಯನ್ನು ಎಲೆ ಉದುರಿದ ಮೇಲೆ ಒಮ್ಮೆ, ಮೊಗ್ಗು ಉಬ್ಬುವ ಮುನ್ನ ಇನ್ನೊಮ್ಮೆ ಕಡ್ಡಿಯೆಲ್ಲ ತೊಯ್ಯುವಂತೆ ಸಿಂಪಡಿಸುವುದೇ ದಾರಿ. ಗೋಡೆಗೊರಗಿಸಿ ಬೆಳೆಸಿದ ಸಣ್ಣ ಮರವಾದರೆ ಚಳಿಗಾಲದ ನಡುವಿನಿಂದ ಎಲೆ ಬಿಚ್ಚುವವರೆಗೆ ಮಳೆ ಬೀಳದಂತೆ ಪ್ಲಾಸ್ಟಿಕ್ ಹಾಳೆಯ ಮಾಡು ಕಟ್ಟಿದರೆ ಔಷಧಿಯೇ ಬೇಕಾಗದಿರಬಹುದು. ನನಗೆ ಈ ಉಪಾಯವೇ ಹೆಚ್ಚು ಇಷ್ಟ. ಅದೇ ಮಾಡಿನಿಂದ ಬಟ್ಟೆ ಇಳಿಬಿಟ್ಟರೆ ಹಿಮದ ರಾತ್ರಿಯಲ್ಲಿ ಹೂವಿಗೂ ರಕ್ಷಣೆ.

ಕಂದು ಕೊಳೆ ರೋಗವೂ ಕಳೆದ ವರ್ಷದ ಸಾಲವೇ. ಕೊಳೆತು, ಸುಕ್ಕಿ, ಕಪ್ಪಗೆ ಒಣಗಿ ಮರದಲ್ಲೇ ತೂಗುತ್ತಿರುವ ಹಣ್ಣೊಂದು ಮುಂದಿನ ವಸಂತದಲ್ಲಿ ಹೂವಿಗೆ, ಆಮೇಲೆ ಹಣ್ಣಿಗೆ ಬೀಜಕಣಗಳನ್ನು ಚೆಲ್ಲುತ್ತದೆ. ಅಂಥವನ್ನು ಮರದಿಂದಲೂ ನೆಲದಿಂದಲೂ ಆರಿಸಿ ತೋಟದಿಂದ ಹೊರಹಾಕಿ. ಇನ್ನು ಕಾಂಡದಲ್ಲಿ ಒಸರುವ ಅಂಟಿನ ಬಗ್ಗೆ ಒಂದು ಮಾತು: ಜೇನಿನ ಬಣ್ಣದ ಶುದ್ಧ ಅಂಟು ಗಾಯ, ರೋಗ ಅಥವಾ ನೀರಿನ ಏರುಪೇರಿನ ಸೂಚನೆ. ಬುಡದಲ್ಲಿ ಮರದ ಪುಡಿ ಬೆರೆತ ಅಂಟು ಕಂಡರೆ ಒಳಗೆ ಕೊರೆಯುವ ಹುಳುವಿದೆ.

ಎಲ್ಲವೂ ಸರಿಹೋಗಿ ಮರ ತುಂಬ ಕಾಯಿ ಕಟ್ಟಿದಾಗ ಕೊನೆಯ ಕಠಿಣ ಕೆಲಸ ಬರುತ್ತದೆ: ಕಾಯಿ ಕೀಳುವುದು. ಹಣ್ಣಿನ ಬೆಳವಣಿಗೆ ಮೂರು ಹಂತದ್ದು. ಮೊದಲು ಜೀವಕೋಶಗಳು ವಿಭಜನೆಯಾಗಿ ಸಂಖ್ಯೆ ಹೆಚ್ಚುತ್ತದೆ. ಆಮೇಲೆ ಹೊರಗಿನ ಬೆಳವಣಿಗೆ ನಿಂತಂತೆ ಕಂಡು ಒಳಗೆ ಓಟೆ ಗಟ್ಟಿಯಾಗುತ್ತದೆ. ಕೊನೆಗೆ ಇರುವ ಕೋಶಗಳೇ ನೀರು ಸಕ್ಕರೆ ತುಂಬಿಕೊಂಡು ಉಬ್ಬುತ್ತವೆ. ಕೋಶಗಳ ಎಣಿಕೆ ಮೊದಲ ಹಂತದಲ್ಲೇ ಮುಗಿದುಹೋಗುವುದರಿಂದ, ಕಾಯಿ ದೊಡ್ಡ ಗೋಲಿಯಷ್ಟಿದ್ದಾಗ, ಓಟೆ ಗಟ್ಟಿಯಾಗುವ ಮುನ್ನ ಕೀಳಬೇಕು. ತಡಮಾಡಿ ಕಿತ್ತರೆ ಉಳಿದದ್ದು ದಪ್ಪವಾಗುವ ಅವಕಾಶ ಅರ್ಧ ಕಳೆದಿರುತ್ತದೆ. ಒಂದು ಹಣ್ಣು ಸಿಹಿಯಾಗಿ ತುಂಬಿಕೊಳ್ಳಲು 30–40 ಎಲೆಗಳ ದುಡಿಮೆ ಬೇಕು. ಕಡ್ಡಿಯ ಉದ್ದಕ್ಕೂ ಒಂದು ಗೇಣಿಗೊಂದು ಕಾಯಿ ಉಳಿಸಿ, ಉಳಿದದ್ದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿರುವಿ ತೆಗೆಯಿರಿ. ಕೆಲಸ ಮುಗಿದಾಗ ಮರದಲ್ಲಿರುವುದಕ್ಕಿಂತ ನೆಲದ ಮೇಲೆಯೇ ಹೆಚ್ಚು ಬಿದ್ದಿರುತ್ತದೆ. ಮನಸ್ಸಿಗೆ ನೋವಾಗುತ್ತದೆ, ಆದರೂ ಅದೇ ಸರಿಯಾದ ಪ್ರಮಾಣ. ನುಣುಪು ಸಿಪ್ಪೆಯ ಹಣ್ಣುಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ಕೊಳೆ ಶುರುವಾಗುವುದು ಆ ತಾಗಿದ ಜಾಗದಿಂದಲೇ.

ಕೊನೆಯ ಹಂತದಲ್ಲಿ ನೀರು ಒಂದೇ ಸಮನಾಗಿರಲಿ. ಒಣಗಿಸಿ ಒಮ್ಮೆಲೇ ಸುರಿದರೆ ಸಿಪ್ಪೆ ಬಿರಿಯುತ್ತದೆ. ಕೆಂಪು ಬಣ್ಣ ನೋಡಿ ಕೊಯ್ಯಬೇಡಿ, ಅದು ತಳಿಯ ಮತ್ತು ಬಿಸಿಲಿನ ಕೊಡುಗೆ. ಕೆಂಪಿನ ಹಿಂದಿರುವ ಹಸಿರು ಪೂರ್ತಿ ಹಳದಿಗೆ, ಬಿಳಿ ತಿರುಳಿನದಾದರೆ ಕೆನೆಬಣ್ಣಕ್ಕೆ ತಿರುಗಬೇಕು. ಕೊಯ್ದ ಮೇಲೂ ಹಣ್ಣು ಮೆತ್ತಗಾಗಿ ಘಮಘಮಿಸುತ್ತದೆ. ಸಿಹಿ ಮಾತ್ರ ಮರದಲ್ಲಿದ್ದಷ್ಟೇ, ಏಕೆಂದರೆ ಸಕ್ಕರೆಯಾಗಿ ಮಾರ್ಪಡಲು ಅದರಲ್ಲಿ ಪಿಷ್ಟದ ದಾಸ್ತಾನಿಲ್ಲ. ಹಣ್ಣಾಗದುದನ್ನು ರೆಫ್ರಿಜರೇಟರಿಗೆ ಹಾಕಲೇಬೇಡಿ. ಸುಮಾರು 2ರಿಂದ 8 ಡಿಗ್ರಿ ನಡುವೆ ಬಹಳ ದಿನ ಇಟ್ಟರೆ ತಿರುಳು ರಸ ಕಳೆದುಕೊಂಡು ಹತ್ತಿಯಂತಾಗುತ್ತದೆ, ಮನೆಯ ರೆಫ್ರಿಜರೇಟರು ಇರುವುದೇ ಆ ಉಷ್ಣತೆಯಲ್ಲಿ.

ಕೊನೆಯ ಹಣ್ಣು ಕೊಯ್ದ ದಿನ ಹಲವರು ಮರವನ್ನು ಮರೆತುಬಿಡುತ್ತಾರೆ. ನೀರಿನ ಕೊಳವೆ ಬೇರೆ ಗಿಡಗಳತ್ತ ಹೋಗುತ್ತದೆ. ಆ ಹೊತ್ತಿಗೇ ಈ ವರ್ಷದ ಚಿಗುರಿನ ಎಲೆಕಂಕುಳಲ್ಲಿ ಮುಂದಿನ ವರ್ಷದ ಹೂವಿನ ಅಂಡಾಶಯ ರೂಪುಗೊಳ್ಳುತ್ತಿರುತ್ತದೆ. ಆಗ ಬಿಸಿಲಿನ ಝಳಕ್ಕೆ, ಬಾಯಾರಿಕೆಗೆ ಸಿಕ್ಕಿದ ಮೊಗ್ಗು ಒಂದರ ಬದಲು ಎರಡು ಅಂಡಾಶಯ ಕಟ್ಟುತ್ತದೆ. ಬರುವ ವರ್ಷ ಎರಡು ಹಣ್ಣು ಬೆಸೆದುಕೊಂಡ ಅವಳಿಗಳೂ ಆಳವಾದ ಸೀಳುಗೆರೆಯ ಹಣ್ಣುಗಳೂ ಬರುತ್ತವೆ. ಬರಿದಾದ ಮರಕ್ಕೆ ವಾರಕ್ಕೊಮ್ಮೆಯಾದರೂ ಬೇರಿನ ಆಳಕ್ಕೆ ಇಳಿಯುವಂತೆ ನೀರುಣಿಸಿ, ಎಲೆಗಳು ತಾವಾಗಿ ಉದುರಲು ತೊಡಗುವವರೆಗೂ.